ಕುಡಿಯುವ ನೀರಿನಲ್ಲಿ ಫ್ಲೋರೈಡ್: ಅಳೆಯುವುದು ಹೇಗೆ, ತೆಗೆಯುವುದು ಹೇಗೆ

ಫ್ಲೋರೈಡ್ ಅಂದರೆ ಕಲ್ಲಿನಿಂದ ಕರಗಿ ನೀರಿಗೆ ಸೇರುವ ಒಂದು ಅಂಶ, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುತ್ತದೆ. ಅದು ಜಾಸ್ತಿ ಇರುವ ನೀರು ನೋಡಲು ಒಳ್ಳೆಯ ನೀರಿನ ಹಾಗೆಯೇ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಏನೂ ಗೊತ್ತಾಗುವುದಿಲ್ಲ. ಅದು ಇದೆ ಅನ್ನುವುದು ಹೇಗೆ ಕಾಣುವುದಿಲ್ಲವೋ, ಫಿಲ್ಟರ್ ಹಾಕಿದ ಮೇಲೆ ಹೋಗಿದೆ ಅನ್ನುವುದೂ ಹಾಗೆಯೇ ಕಾಣುವುದಿಲ್ಲ. ಈ ಎರಡನೆಯ ಮಾತನ್ನು ತುಂಬಾ ಜನ ಮರೆತುಬಿಡುತ್ತಾರೆ. ದುಡ್ಡು ಕೊಟ್ಟು ಫಿಲ್ಟರ್ ತಂದು ಗೋಡೆಗೆ ಹಾಕಿಸಿ, ಇನ್ನು ಚಿಂತೆ ಇಲ್ಲ ಅಂತ ವರ್ಷಗಟ್ಟಲೆ ಅದೇ ನೀರು ಕುಡಿಯುತ್ತಾರೆ. ಒಳಗೆ ಫ್ಲೋರೈಡ್ ಹಿಡಿಯುವ ವಸ್ತು ಯಾವಾಗಲೋ ಸೋತುಹೋಗಿರುತ್ತದೆ. ಅದಕ್ಕೇ ಈ ಬರಹದ ಉದ್ದಕ್ಕೂ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರುತ್ತೇನೆ: ಮೊದಲು ಅಳೆಯಿರಿ, ಆಮೇಲೆ ತೆಗೆಯಿರಿ, ತೆಗೆದ ಮೇಲೆ ಮತ್ತೆ ಅಳೆಯಿರಿ.

ಇದು ಕಣ್ಣಿಗೆ ಎಷ್ಟು ಸಿಗದ ವಿಷಯ ಅನ್ನಲು ಒಂದು ಹಳೆಯ ಸಂಗತಿ ಸಾಕು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಅನ್ನುವ ದಂತವೈದ್ಯರು ಅಲ್ಲಿನ ಜನರ ಹಲ್ಲಿನಲ್ಲಿ ಕಂದು ಕಲೆ ಕಂಡು ಕಾರಣ ಹುಡುಕಲು ಹೊರಟರು. ನೀರಿನಲ್ಲೇ ಏನೋ ಇದೆ ಅಂತ ಅನುಮಾನ ಬಂತು, ಆದರೆ ಏನು ಅಂತ ಗೊತ್ತಾಗಲಿಲ್ಲ. ಕೊನೆಗೆ 1931ರಲ್ಲಿ ಎಚ್. ವಿ. ಚರ್ಚಿಲ್ ಅನ್ನುವ ರಸಾಯನಶಾಸ್ತ್ರಜ್ಞರು ಅದು ಫ್ಲೋರೈಡ್ ಅಂತ ಕಂಡುಹಿಡಿದರು. ಅಂದರೆ 30 ವರ್ಷ. ಇವತ್ತು ಅದೇ ಕೆಲಸ ಒಂದು ಚಿಕ್ಕ ಕಿಟ್‌ನಿಂದ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಮಾಡದೆ ಇರಲು ಕಾರಣವೇ ಇಲ್ಲ.

ಯಾವ ನೀರಿನ ಮೇಲೆ ಅನುಮಾನ ಪಡಬೇಕು

ಫ್ಲೋರೈಡ್ ಹೆಚ್ಚಾಗಿ ಬರುವುದು ಕಲ್ಲಿನಿಂದ. ಗ್ರಾನೈಟ್, ನೈಸ್‌ನಂಥ ಗಟ್ಟಿ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಇರುತ್ತವೆ. ನೀರು ಆ ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಜ್ವಾಲಾಮುಖಿ ಬಂಡೆಗಳಿರುವ ಕಡೆಯೂ ಹೀಗೆಯೇ. ಪೂರ್ವ ಆಫ್ರಿಕಾದ ರಿಫ್ಟ್ ಕಣಿವೆ ಇದಕ್ಕೆ ದೊಡ್ಡ ಉದಾಹರಣೆ. ಹಾಗಾಗಿ ಆಳವಾದ ಕೊಳವೆಬಾವಿಯ ನೀರಿಗೆ ಅಪಾಯ ಜಾಸ್ತಿ, ಹರಿಯುವ ನದಿ ನೀರಿಗೆ ಸಾಮಾನ್ಯವಾಗಿ ಕಡಿಮೆ, ಮಳೆ ನೀರಿಗೆ ತೀರಾ ಕಡಿಮೆ.

ಇಲ್ಲೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಸಾಬೂನು ಚೆನ್ನಾಗಿ ನೊರೆ ಬರುವ, ಪಾತ್ರೆಗೆ ಬಿಳಿ ಪೊರೆ ಕಟ್ಟದ ಮೆದು ನೀರನ್ನು ಜನ ಒಳ್ಳೆಯ ನೀರು ಅಂತ ಮೆಚ್ಚುತ್ತಾರೆ ಅಲ್ವಾ? ಅಂಥ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಹೆಚ್ಚು. ಕಾರಣ ಸರಳ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೆ ಕೂರಿಸಿಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬನೇಟ್ ಜಾಸ್ತಿ ಇರುವ ಕ್ಷಾರೀಯ ನೀರಿನಲ್ಲಿ ಆ ತಡೆ ಇರುವುದಿಲ್ಲ, ಫ್ಲೋರೈಡ್ ಏರುತ್ತಲೇ ಹೋಗುತ್ತದೆ. ಹಾಗಂತ ಗಡಸು ನೀರು ಸುರಕ್ಷಿತ ಅಂತಲೂ ಅಂದುಕೊಳ್ಳಬೇಡಿ. ಎರಡೂ ಒಟ್ಟಿಗೆ ಇರುವ ಬಾವಿಗಳೂ ಇವೆ. ಇದು ಬರೀ ಅನುಮಾನಕ್ಕೆ ದಾರಿ, ತೀರ್ಮಾನಕ್ಕಲ್ಲ.

ಪಕ್ಕದ ಮನೆಯ ಬಾವಿಯ ವರದಿಯನ್ನು ನಿಮ್ಮ ಬಾವಿಗೆ ಹಚ್ಚಬೇಡಿ. ಬಂಡೆಯ ಬಿರುಕು ಬೇರೆಯಾದರೆ ನೀರೂ ಬೇರೆ. ಒಂದೇ ಬೀದಿಯ ಎರಡು ಕೊಳವೆಬಾವಿಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಕುಡಿಯಲು ಬಾರದ ಹಾಗಿರಬಹುದು.

ಹಲ್ಲು ಮತ್ತು ಮೂಳೆ ಏನು ಹೇಳುತ್ತವೆ

ಮಕ್ಕಳ ಹಲ್ಲು ಮೊದಲು ಸುಳಿವು ಕೊಡುತ್ತದೆ. ಸೀಮೆಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಬಣ್ಣದ ಅಡ್ಡ ಗೆರೆಗಳು. ಎಡಗಡೆಯ ಹಲ್ಲಿನಲ್ಲಿ ಇದ್ದ ಹಾಗೆಯೇ ಬಲಗಡೆಯ ಜೋಡಿ ಹಲ್ಲಿನಲ್ಲೂ ಇರುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಏಕೆಂದರೆ ಅದು ಹಲ್ಲಿನ ಮೇಲೆ ಅಂಟಿದ ಕಲೆಯಲ್ಲ, ಹಲ್ಲು ಬೆಳೆಯುವಾಗಲೇ ಒಳಗೆ ಆದ ದೋಷ. ಹುಟ್ಟಿನಿಂದ ಸುಮಾರು 8 ವರ್ಷದ ಒಳಗೆ, ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವಾಗ ಕುಡಿದ ನೀರಿನ ಗುರುತು ಅದು. ಇದರರ್ಥ, ಇವತ್ತು ಮಗುವಿನ ಹಲ್ಲಿನಲ್ಲಿ ಕಲೆ ಕಂಡರೆ ನೀರು ಕೆಲವು ವರ್ಷಗಳಿಂದಲೇ ಹಾಗಿತ್ತು ಅಂತ. ದೊಡ್ಡವರಾದ ಮೇಲೆ ಊರಿಗೆ ಬಂದವರ ಹಲ್ಲು ಸ್ವಚ್ಛವಾಗಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಅವರ ಹಲ್ಲು ಆಗಲೇ ಬೆಳೆದು ಮುಗಿದಿತ್ತು.

ಮೂಳೆಯ ತೊಂದರೆ ನಿಧಾನವಾಗಿ ಬರುತ್ತದೆ. ದೇಹಕ್ಕೆ ಸೇರಿದ ಫ್ಲೋರೈಡಿನಲ್ಲಿ ಒಂದು ಭಾಗ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮೂಳೆಯಲ್ಲಿ ಕೂರುತ್ತದೆ. ಮಕ್ಕಳ ಮೂಳೆ ದೊಡ್ಡವರಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಳ ನಂತರ ಕುತ್ತಿಗೆ, ಬೆನ್ನು, ಸೊಂಟ ಬಿಗಿಯತೊಡಗುತ್ತವೆ. ಮನೆಯಲ್ಲೇ ನೋಡಬಹುದಾದ ಮೂರು ಸುಳಿವುಗಳಿವೆ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ, ಗಲ್ಲವನ್ನು ಎದೆಗೆ ತಾಗಿಸಲು ಆಗುತ್ತದೆಯೇ, ಎರಡೂ ಕೈಯನ್ನು ತಲೆಯ ಹಿಂದೆ ಕೊಂಡೊಯ್ದು ಜೋಡಿಸಲು ಆಗುತ್ತದೆಯೇ. ಆಗದಿದ್ದರೆ ಫ್ಲೋರೈಡೇ ಕಾರಣ ಅಂತ ಅಲ್ಲ, ಸಂಧಿವಾತವೂ ಇರಬಹುದು, ವಯಸ್ಸೂ ಇರಬಹುದು. ಆದರೆ ಒಂದೇ ಬಾವಿಯ ನೀರು ಕುಡಿಯುವ ಹಲವರಿಗೆ ಹೀಗಾಗುತ್ತಿದ್ದರೆ ನೀರನ್ನು ಇವತ್ತೇ ಅಳೆಯಿಸಿ. ವೈದ್ಯರ ಹತ್ತಿರ ಹೋದಾಗ ನೀರಿನ ವರದಿಯನ್ನೂ ಜೊತೆಗೆ ಒಯ್ಯಿರಿ. ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ ಅವರು ಖಚಿತ ಮಾಡಿಕೊಳ್ಳಬಹುದು.

ಒಂದನೇ ಹೆಜ್ಜೆ: ಮಾದರಿ ಸರಿಯಾಗಿ ತೆಗೆಯಿರಿ

ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಗಾಜು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರುವ ಗುಣದ್ದು. ಬಾಟಲಿಯನ್ನು ಸಾಬೂನು ಹಾಕಿ ತೊಳೆಯುವುದಕ್ಕಿಂತ, ಪರೀಕ್ಷೆಗೆ ಕಳಿಸುವ ಅದೇ ನೀರಿನಲ್ಲಿ ಎರಡು ಮೂರು ಬಾರಿ ಕುಲುಕಿ ಚೆಲ್ಲುವುದು ಒಳ್ಳೆಯದು. ಪಂಪ್ ಹಾಕಿ ಐದು ನಿಮಿಷವಾದರೂ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತಿದ್ದ ನೀರು ಹೋಗಿ ಬಾವಿಯ ನೀರು ಬರಲಿ. ಅರ್ಧ ಲೀಟರ್ ಸಾಕು. ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಯಾವ ಬಾವಿ, ಯಾವ ದಿನ ಅಂತ ಬಾಟಲಿಯ ಮೇಲೇ ಬರೆಯಿರಿ. ಫ್ಲೋರೈಡ್ ಬೇಗ ಕೆಡುವಂಥದ್ದಲ್ಲ, ರಾಸಾಯನಿಕ ಏನೂ ಬೆರೆಸದೆ 28 ದಿನದವರೆಗೆ ಇಡಬಹುದು. ಹಾಗಾಗಿ ಲ್ಯಾಬ್ ದೂರ ಇದ್ದರೂ ಚಿಂತೆ ಇಲ್ಲ.

ಲ್ಯಾಬ್‌ಗೆ ಕೊಡುವಾಗ ಬರೀ ಫ್ಲೋರೈಡ್ ಕೇಳಬೇಡಿ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ), ಕ್ಷಾರೀಯತೆ, ಗಡಸುತನ, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಲೆಕ್ಕ), ನೈಟ್ರೇಟ್ ಇವನ್ನೂ ಕೇಳಿ. ಮುಂದೆ ಯಾವ ವಿಧಾನ ಹೊಂದುತ್ತದೆ ಅನ್ನುವುದು ಈ ಅಂಕಿಗಳ ಮೇಲೇ ನಿಂತಿದೆ.

ಒಣಗಾಲದ ಕೊನೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳೆಯಿರಿ. ನೀರಿನ ಮಟ್ಟ ಇಳಿದಾಗ ಮತ್ತು ಹೊಸ ನೀರು ಸೇರಿದಾಗ ಅಂಕಿ ಬೇರೆಯಾಗುತ್ತದೆ. ಬಾವಿಯನ್ನು ಇನ್ನಷ್ಟು ಆಳ ಕೊರೆಸಿದರೆ ಹಳೆಯ ವರದಿಯನ್ನು ಬದಿಗಿಟ್ಟು ಹೊಸದಾಗಿ ಅಳೆಯಿಸಿ.

ಎರಡನೇ ಹೆಜ್ಜೆ: ಅಳತೆ

ಮೊದಲೇ ಒಂದು ಮಾತು. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ ಕೊಡುತ್ತದೆ. ಫ್ಲೋರೈಡ್ ಅದರಲ್ಲಿ ಸಾಸಿವೆಯಷ್ಟು. ಟಿಡಿಎಸ್ 300 ಇದೆ, ಆದ್ದರಿಂದ ನೀರು ಚೆನ್ನಾಗಿದೆ ಅನ್ನುವ ಮಾತು ಫ್ಲೋರೈಡ್ ವಿಷಯದಲ್ಲಿ ಅರ್ಥವಿಲ್ಲದ್ದು.

ಮನೆಯಲ್ಲಿ ಬಳಸುವ ಕಿಟ್ ಬಣ್ಣದ ಆಧಾರದ ಮೇಲೆ ಕೆಲಸ ಮಾಡುತ್ತದೆ. ಜಿರ್ಕೋನಿಯಂ ಅನ್ನುವ ಲೋಹ ಮತ್ತು ಒಂದು ಬಣ್ಣದ ವಸ್ತು ಕೂಡಿಕೊಂಡಿರುತ್ತವೆ. ನೀರಿನ ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಎಳೆದುಕೊಂಡಾಗ ಬಣ್ಣ ಬದಲಾಗುತ್ತದೆ ಅಥವಾ ತಿಳಿಯಾಗುತ್ತದೆ. ಆ ಬಣ್ಣವನ್ನು ಕಿಟ್ ಜೊತೆಗಿನ ಪಟ್ಟಿಗೆ ಹೋಲಿಸಬೇಕು. ಹೇಳಿದಷ್ಟೇ ನೀರು, ಹೇಳಿದಷ್ಟೇ ಹನಿ, ಹೇಳಿದಷ್ಟೇ ಹೊತ್ತು. ಇದರಲ್ಲಿ ಅಂದಾಜು ನಡೆಯುವುದಿಲ್ಲ. ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ.

ಕಿಟ್ ಸರಿ ಇದೆಯೇ ಅಂತ ನೋಡಲು ಡಿಸ್ಟಿಲ್ಡ್ ನೀರನ್ನು ಅದರಲ್ಲೇ ಪರೀಕ್ಷಿಸಿ. ಸೊನ್ನೆಯ ಬಣ್ಣ ಬರಬೇಕು. ಬರದಿದ್ದರೆ ಆ ಕಿಟ್ ಹಳತಾಗಿದೆ, ನಂಬಬೇಡಿ. ಬಣ್ಣ ಪಟ್ಟಿಯ ಕೊನೆಗೆ ಹೋಗಿ ನಿಂತರೆ ನಿಮ್ಮ ನೀರಿನಲ್ಲಿ ಅದಕ್ಕಿಂತ ಜಾಸ್ತಿಯೂ ಇರಬಹುದು. ಆಗ ಒಂದು ಪಾಲು ನಿಮ್ಮ ನೀರಿಗೆ ಒಂದು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಕ್ಲೋರಿನ್ ಹಾಕಿದ ನೀರಾದರೆ ಕ್ಲೋರಿನ್ ತಾನೇ ಬಣ್ಣವನ್ನು ತಿಂದು ತಪ್ಪು ಅಂಕಿ ಕೊಡುತ್ತದೆ, ಅದಕ್ಕೇ ಕ್ಲೋರಿನ್ ಹಾಕುವ ಮುಂಚಿನ ನೀರನ್ನೇ ಅಳೆಯಿರಿ.

ಲ್ಯಾಬ್‌ಗಳಲ್ಲಿ ಸ್ಪಾಡ್ನ್ಸ್ ಅನ್ನುವ ಬಣ್ಣದ ವಿಧಾನ ಇದೆ, ನೀರಿಗೆ ಅದ್ದಿ ಅಳೆಯುವ ಫ್ಲೋರೈಡ್ ಎಲೆಕ್ಟ್ರೋಡ್ ಇದೆ. ನನ್ನ ಒಲವು ಎಲೆಕ್ಟ್ರೋಡ್ ಕಡೆಗೆ. ಅದರ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡಿನ ಹರಳು ಇರುತ್ತದೆ, ಅದು ಫ್ಲೋರೈಡನ್ನೇ ಹುಡುಕುತ್ತದೆ. ಅಳೆಯುವ ಮುಂಚೆ ನೀರಿಗೆ ಟಿಸಾಬ್ ಅನ್ನುವ ಬಫರ್ ಬೆರೆಸುತ್ತಾರೆ. ಅದು ಪಿಎಚ್ ಅನ್ನು 5ರಿಂದ 5.5ರ ಹತ್ತಿರ ಇಟ್ಟು, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡ ಫ್ಲೋರೈಡನ್ನೂ ಬಿಡಿಸುತ್ತದೆ. ಇದು ಏಕೆ ಮುಖ್ಯ ಅನ್ನುವುದು ಪಟಿಕದ ವಿಧಾನಕ್ಕೆ ಬಂದಾಗ ಗೊತ್ತಾಗುತ್ತದೆ.

ಅಂಕಿ ಬಂತು, ಈಗೇನು?

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 1.5 ಮಿಲಿಗ್ರಾಂ. ವರದಿಯಲ್ಲಿ ಪಿಪಿಎಂ ಅಂತ ಬರೆದಿದ್ದರೂ ಅದೇ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಭಾರತದ ಐಎಸ್ 10500 ಮಾನದಂಡ 1.0 ಇರಲಿ ಅನ್ನುತ್ತದೆ, ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ಒಪ್ಪುತ್ತದೆ. ಅಮೆರಿಕದಲ್ಲಿ ಕಾನೂನಿನ ಮಿತಿ 4.0. ಬಿಸಿ ಹವೆಯಲ್ಲಿ ಜನ ಜಾಸ್ತಿ ನೀರು ಕುಡಿಯುತ್ತಾರೆ, ಅಂದರೆ ಅದೇ ಅಂಕಿಯಲ್ಲೂ ದೇಹಕ್ಕೆ ಹೋಗುವುದು ಜಾಸ್ತಿ. ಸೆಖೆಯ ಕಡೆ ಇರುವವರು, ಬಿಸಿಲಲ್ಲಿ ದುಡಿಯುವವರು 1.0ಅನ್ನೇ ಗುರಿ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

1.0ಗಿಂತ ಕಡಿಮೆ ಇದ್ದರೆ ಸುಮ್ನೆ ಬಿಟ್ಟುಬಿಡಿ. ಸ್ವಲ್ಪ ಫ್ಲೋರೈಡ್ ಹಲ್ಲು ಹುಳುಕಾಗದಂತೆ ತಡೆಯುತ್ತದೆ, ಅದನ್ನೂ ತೆಗೆಯಲು ಯಂತ್ರ ಬೇಡ. 1.5 ದಾಟಿದರೆ ಮಕ್ಕಳ ಹಲ್ಲಿನ ಚಿಂತೆ ಶುರು. 3ರಿಂದ 6ರ ಮಟ್ಟದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೆ ತೊಂದರೆ ಕಾಣಿಸಿಕೊಳ್ಳಬಹುದು. 10 ದಾಟಿದ ನೀರು ಜನರನ್ನು ಅಂಗವಿಕಲರನ್ನಾಗಿ ಮಾಡಬಲ್ಲದು. ಅಂಥ ನೀರನ್ನು ಶುದ್ಧ ಮಾಡುವ ಯೋಚನೆಗಿಂತ ಬೇರೆ ನೀರು ಹುಡುಕುವುದು ಮೊದಲ ಕೆಲಸ.

ಮೂರನೇ ಹೆಜ್ಜೆ: ಎಷ್ಟು ನೀರು ಶುದ್ಧ ಮಾಡಬೇಕು ಅಂತ ಲೆಕ್ಕ ಹಾಕಿ

ಮನೆಯ ಎಲ್ಲ ನೀರನ್ನೂ ಶುದ್ಧ ಮಾಡುವ ಅಗತ್ಯ ಇಲ್ಲ. ಫ್ಲೋರೈಡ್ ಚರ್ಮದ ಮೂಲಕ ಒಳಗೆ ಹೋಗುವುದು ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ. ಸ್ನಾನ, ಬಟ್ಟೆ, ಪಾತ್ರೆ, ನೆಲ ಒರೆಸುವುದಕ್ಕೆ ಅದೇ ನೀರು ನಡೆಯುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಶುದ್ಧ ನೀರು ಬೇಕು. ತಲೆಗೆ ದಿನಕ್ಕೆ 5 ಲೀಟರ್ ಅಂತ ಇಟ್ಟುಕೊಂಡರೆ ನಾಲ್ಕು ಜನರಿಗೆ 20 ಲೀಟರ್. ಇಷ್ಟೇ. ಅಡುಗೆಯನ್ನು ಬಿಡಬೇಡಿ. ಧಾನ್ಯ ಬೇಯುವಾಗ ಹೀರಿಕೊಂಡ ನೀರು, ಸಾರಿನಲ್ಲಿ ಉಳಿದ ನೀರು ಎಲ್ಲವೂ ಹೊಟ್ಟೆಗೇ ಹೋಗುತ್ತದೆ. ಕುಡಿಯಲು ಮಾತ್ರ ಫಿಲ್ಟರ್ ನೀರು, ಅಡುಗೆಗೆ ನಲ್ಲಿ ನೀರು ಅನ್ನುವ ಮನೆಗಳಲ್ಲಿ ಅರ್ಧ ಕೆಲಸ ಮಾತ್ರ ಆಗಿರುತ್ತದೆ.

ಎಲ್ಲರಿಗೂ ಒಟ್ಟಿಗೆ ಆಗದಿದ್ದರೆ ಯಾರಿಗೆ ಮೊದಲು? ಬಾಟಲಿ ಹಾಲಿನ ಪುಡಿ ಕಲಸಿ ಕುಡಿಸುವ ಕೂಸಿಗೆ, 8 ವರ್ಷದೊಳಗಿನ ಮಕ್ಕಳಿಗೆ, ಬಸುರಿ ಹೆಂಗಸರಿಗೆ, ಮೂತ್ರಪಿಂಡದ ಕಾಯಿಲೆ ಇರುವವರಿಗೆ. ಮೂತ್ರಪಿಂಡ ಸೋತವರ ದೇಹದಿಂದ ಫ್ಲೋರೈಡ್ ಸರಿಯಾಗಿ ಹೊರಗೆ ಹೋಗುವುದಿಲ್ಲ.

ನಾಲ್ಕನೇ ಹೆಜ್ಜೆ: ತೆಗೆಯುವ ಮುಂಚೆ ತಪ್ಪಿಸಿಕೊಳ್ಳುವ ದಾರಿ ನೋಡಿ

ಫಿಲ್ಟರ್ ಮಾರುವವರು ಈ ಹೆಜ್ಜೆ ಹೇಳುವುದಿಲ್ಲ. ಹತ್ತಿರದಲ್ಲಿ ಬೇರೆ ಬಾವಿ, ಆಳ ಇಲ್ಲದ ತೆರೆದ ಬಾವಿ, ಕೆರೆ ಅಥವಾ ನದಿಯಿಂದ ಬರುವ ನಲ್ಲಿ ನೀರು ಇದ್ದರೆ ಅವನ್ನೂ ಅಳೆಯಿಸಿ. ಮೇಲಿನ ನೀರಿನಲ್ಲಿ ರೋಗಾಣು ಇರಬಹುದು, ಆದರೆ ಅದಕ್ಕೆ ಕುದಿಸುವುದು ಸಾಕು. ರೋಗಾಣು ಕೊಲ್ಲುವುದು ಫ್ಲೋರೈಡ್ ತೆಗೆಯುವುದಕ್ಕಿಂತ ಎಷ್ಟೋ ಸುಲಭ.

ಮಳೆ ನೀರು ಇದ್ದರೆ ಬೆರೆಸುವ ಉಪಾಯವೂ ಇದೆ. ನಿಮ್ಮ ಬಾವಿಯಲ್ಲಿ 3.0 ಇದೆ, ಮಳೆ ನೀರಿನಲ್ಲಿ 0.1 ಇದೆ ಅಂದುಕೊಳ್ಳಿ. ಸಮಸಮ ಬೆರೆಸಿದರೆ 1.55. ಎರಡು ಪಾಲು ಮಳೆ ನೀರಿಗೆ ಒಂದು ಪಾಲು ಬಾವಿ ನೀರು ಹಾಕಿದರೆ 1.07ರ ಹತ್ತಿರ ಬರುತ್ತದೆ. ಹೀಗೆ ಕೂಡಿಟ್ಟ ಮಳೆ ನೀರು ಒಂದೂವರೆ ಪಟ್ಟು ದಿನ ಬಾಳುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ಚಾವಣಿ ತೊಳೆದು ಹೋಗಲಿ. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದ ಹಾಗೆ ಮುಚ್ಚಿಡಿ.

ಯಾವುದು ಕೆಲಸ ಮಾಡುವುದಿಲ್ಲ

ಕುದಿಸುವುದು ಕೆಲಸ ಮಾಡುವುದಿಲ್ಲ, ಅಷ್ಟೇ ಅಲ್ಲ, ಸ್ವಲ್ಪ ಕೆಟ್ಟದ್ದೂ ಮಾಡುತ್ತದೆ. ಲೀಟರಿಗೆ 2 ಮಿಲಿಗ್ರಾಂ ಇರುವ 2 ಲೀಟರ್ ನೀರು ಕುದಿದು ಒಂದೂವರೆ ಲೀಟರ್ ಆದರೆ ಫ್ಲೋರೈಡ್ ಅಷ್ಟೇ ಉಳಿದು ಅಂಕಿ 2.7ರ ಹತ್ತಿರ ಹೋಗುತ್ತದೆ. ಯುವಿ ದೀಪದ ಫಿಲ್ಟರ್, ಕ್ಯಾಂಡಲ್ ಫಿಲ್ಟರ್, ಕ್ಲೋರಿನ್ ಮಾತ್ರೆ, ಮರಳು ಇವು ಫ್ಲೋರೈಡ್ ತೆಗೆಯುವುದಿಲ್ಲ. ಸಾಮಾನ್ಯ ಕಾರ್ಬನ್ ಫಿಲ್ಟರಿನಿಂದಲೂ ಹೇಳಿಕೊಳ್ಳುವಷ್ಟು ಹೋಗುವುದಿಲ್ಲ.

ಆರ್‌ಓ: ಸುಲಭ, ಆದರೆ ಒಂದು ತಿರುಪು ನೋಡಿಕೊಳ್ಳಿ

ವಿದ್ಯುತ್ ಮತ್ತು ಸಾಕಷ್ಟು ನೀರು ಎರಡೂ ಇರುವ ಮನೆಗೆ ಆರ್‌ಓ, ಅಂದರೆ ಒತ್ತಡ ಹಾಕಿ ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವ ಯಂತ್ರ, ಸುಲಭದ ದಾರಿ. ಚೆನ್ನಾಗಿರುವ ಪೊರೆ ಫ್ಲೋರೈಡಿನಲ್ಲಿ 85ರಿಂದ 95 ಪ್ರತಿಶತ ತಡೆಯುತ್ತದೆ. 4.0 ಇದ್ದದ್ದು 0.4ರ ಹತ್ತಿರ ಬರುತ್ತದೆ.

ಈಗ ಆ ತಿರುಪಿನ ವಿಷಯ. ಅನೇಕ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಚಿಕ್ಕ ವಾಲ್ವ್ ಇರುತ್ತದೆ. ನೀರು ಚಪ್ಪೆಯಾಗಿದೆ ಅನ್ನುವ ದೂರು ಬಂದರೆ ಯಂತ್ರ ಹಾಕುವವರು ಅದನ್ನು ತಿರುಗಿಸಿ ರುಚಿ ಸರಿ ಮಾಡುತ್ತಾರೆ. ಅದು ಮಾಡುವುದು ಏನೆಂದರೆ, ಪೊರೆಯ ಮೂಲಕ ಹೋಗದ ನೀರನ್ನು ಸ್ವಲ್ಪ ತಂದು ಶುದ್ಧ ನೀರಿಗೆ ಬೆರೆಸುವುದು. ಲೆಕ್ಕ ನೋಡಿ: ಬಾವಿಯಲ್ಲಿ 4.0, ಪೊರೆ ದಾಟಿದ್ದರಲ್ಲಿ 0.4, ನೂರರಲ್ಲಿ 30 ಪಾಲು ಹಸಿ ನೀರು ಬೆರೆತರೆ ಕುಡಿಯುವ ಲೋಟದಲ್ಲಿ 1.48. ಆರ್‌ಓ ಇದ್ದೂ ಮಿತಿಯ ಅಂಚಿನಲ್ಲಿ ನಿಂತ ಹಾಗಾಯಿತು. ಫ್ಲೋರೈಡ್ ಇರುವ ಮನೆಯಲ್ಲಿ ಆ ವಾಲ್ವ್ ಪೂರ್ತಿ ಮುಚ್ಚಿಸಿ. ಚಪ್ಪೆ ನೀರು ಹಿಡಿಸದಿದ್ದರೆ ಖನಿಜ ಸೇರಿಸುವ ಕಾರ್ಟ್ರಿಜ್ ಹಾಕಿಸಿಕೊಳ್ಳಿ.

ಟಿಡಿಎಸ್ ಮೀಟರ್ ಇಲ್ಲಿ ಒಂದು ಕೆಲಸಕ್ಕೆ ಬರುತ್ತದೆ. ಒಳಗೆ ಹೋಗುವ ನೀರು 800, ಹೊರಗೆ ಬರುವುದು 80 ಇದ್ದರೆ ಪೊರೆ 90 ಪ್ರತಿಶತ ತಡೆಯುತ್ತಿದೆ. ಅದೇ ಹೊರಗಿನದು 200ಕ್ಕೆ ಏರಿದರೆ ತಡೆಯುವುದು 75ಕ್ಕೆ ಇಳಿದಿದೆ, ಫ್ಲೋರೈಡೂ ಜಾಸ್ತಿ ದಾಟುತ್ತಿರುತ್ತದೆ. ತಿಂಗಳಿಗೊಮ್ಮೆ ಎರಡೂ ಬರೆದಿಡಿ. ಆದರೆ ಇದು ಪೊರೆಯ ಆರೋಗ್ಯದ ಸೂಚನೆ ಮಾತ್ರ, ಫ್ಲೋರೈಡನ್ನು ಬೇರೆಯಾಗಿ ಅಳೆಯಲೇಬೇಕು. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಬಾವಿ ನೀರಿಗಿಂತ ಜಾಸ್ತಿ ಇರುತ್ತದೆ. ಅದನ್ನು ನೆಲ ಒರೆಸಲು, ಶೌಚಕ್ಕೆ ಬಳಸಿ. ಅಡುಗೆಗೂ ಬೇಡ, ದನಕರುಗಳಿಗೂ ಬೇಡ. ಅವುಗಳ ಹಲ್ಲು ಮೂಳೆಗೂ ಇದೇ ತೊಂದರೆ ಬರುತ್ತದೆ.

ಆಕ್ಟಿವೇಟೆಡ್ ಅಲ್ಯೂಮಿನಾ

ವಿದ್ಯುತ್ ಬೇಡ, ನೀರು ಪೋಲಾಗುವುದಿಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಕಾಳುಗಳ ಪದರದ ಮೂಲಕ ನೀರು ನಿಧಾನವಾಗಿ ಇಳಿಯುತ್ತದೆ, ಫ್ಲೋರೈಡ್ ಕಾಳಿನ ಮೇಲೆ ಹಿಡಿದುಕೊಳ್ಳುತ್ತದೆ. ಒಂದು ದಿನ ಕಾಳುಗಳಲ್ಲಿ ಜಾಗ ಮುಗಿಯುತ್ತದೆ. ನೀರು ಅವತ್ತೂ ಅಷ್ಟೇ ತಿಳಿಯಾಗಿ ಬರುತ್ತದೆ. ಈ ವಿಧಾನದ ದೊಡ್ಡ ಅಪಾಯ ಇದೇ.

ಎಷ್ಟು ದಿನ ಬರುತ್ತದೆ ಅಂತ ಅಂದಾಜು ಮಾಡಬಹುದು. ಕಂಪನಿಯ ಕಾಗದದಲ್ಲಿ ದೊಡ್ಡ ಅಂಕಿ ಬರೆದಿರುತ್ತದೆ. ಆದರೆ ಬಳಕೆಯಲ್ಲಿ ಒಂದು ಗ್ರಾಂ ಅಲ್ಯೂಮಿನಾ ಹಿಡಿಯುವುದು ಅನೇಕ ಸಲ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಮಾತ್ರ. ಫಿಲ್ಟರಿನಲ್ಲಿ 3 ಕಿಲೋ ಇದ್ದರೆ ಒಟ್ಟು 3000 ಮಿಲಿಗ್ರಾಂ. ನಿಮ್ಮ ನೀರು 4.0ಯಿಂದ 0.5ಕ್ಕೆ ಇಳಿಯಬೇಕಾದರೆ ಲೀಟರಿಗೆ 3.5 ತೆಗೆಯಬೇಕು. ಭಾಗಿಸಿದರೆ ಸುಮಾರು 850 ಲೀಟರ್. ದಿನಕ್ಕೆ 20 ಲೀಟರ್ ಬಳಸಿದರೆ ಆರು ವಾರ. ನಿಮ್ಮ ಅಂಕಿ ಹಾಕಿ ಇದೇ ಲೆಕ್ಕ ಮಾಡಿ, ಬಂದ ಅವಧಿಯ ಅರ್ಧಕ್ಕೆ ಬಂದಾಗಲೇ ಹೊರಬರುವ ನೀರನ್ನು ಅಳೆಯಲು ಶುರು ಮಾಡಿ, ಆಮೇಲೆ ವಾರಕ್ಕೊಮ್ಮೆ. 1.0 ದಾಟಿದ ದಿನ ನಿಲ್ಲಿಸಿ.

ಅಲ್ಯೂಮಿನಾ ಚೆನ್ನಾಗಿ ಹಿಡಿಯುವುದು ಪಿಎಚ್ 5.5ರಿಂದ 6ರ ಹತ್ತಿರ. ಫ್ಲೋರೈಡ್ ಇರುವ ನೀರು ಸಾಮಾನ್ಯವಾಗಿ ಕ್ಷಾರೀಯ, 8ರ ಆಚೆ. ಹಾಗಾಗಿ ಕಾಗದದ ಅಂಕಿ ಮನೆಯಲ್ಲಿ ಸಿಗುವುದಿಲ್ಲ. ಪಿಎಚ್, ಕ್ಷಾರೀಯತೆ ಕೇಳಿ ಅಂದದ್ದು ಇದಕ್ಕೇ.

ಜಾಗ ಮುಗಿದ ಕಾಳನ್ನು ಮತ್ತೆ ಜೀವಂತ ಮಾಡಬಹುದು. 1 ಪ್ರತಿಶತ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು, ನೀರಿನಲ್ಲಿ ಜಾಲಿಸಿ, ತೆಳು ಸಲ್ಫ್ಯೂರಿಕ್ ಆಮ್ಲದಿಂದ ಕ್ಷಾರ ಕಳೆದು, ಮತ್ತೆ ಜಾಲಿಸಬೇಕು. ಎರಡೂ ಕೈ ಸುಡುವ, ಕಣ್ಣು ಕೆಡಿಸುವ ವಸ್ತುಗಳು. ಮಕ್ಕಳಿರುವ ಅಡುಗೆಮನೆಯಲ್ಲಿ ಇದನ್ನು ಮಾಡಬೇಡಿ. ಗೊತ್ತಿರುವವರಿಗೆ ಕೊಟ್ಟು ಮಾಡಿಸಿ, ಇಲ್ಲವೇ ಹೊಸ ಕಾಳು ತುಂಬಿಸಿ.

ಪಟಿಕ ಮತ್ತು ಸುಣ್ಣ

ಇದಕ್ಕೆ ನಲ್ಗೊಂಡ ವಿಧಾನ ಅಂತ ಹೆಸರು. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ್ದು, ಫ್ಲೋರೈಡಿನಿಂದ ನರಳಿದ, ಈಗಿನ ತೆಲಂಗಾಣದ ನಲ್ಗೊಂಡ ಪ್ರದೇಶದಿಂದ ಹೆಸರು ಬಂತು. ಬಕೆಟ್, ಕೋಲು, ಪಟಿಕ, ಸುಣ್ಣ ಇದ್ದರೆ ಆಯಿತು. ದಿನಾ ಮಾಡುವ ತಾಳ್ಮೆ ಮಾತ್ರ ಬೇಕು.

ಪ್ರಮಾಣ ನಿಮ್ಮ ನೀರಿನ ಫ್ಲೋರೈಡ್ ಮತ್ತು ಕ್ಷಾರೀಯತೆ ನೋಡಿ ಬದಲಾಗುತ್ತದೆ, ಅದಕ್ಕೇ ಬೇರೆಯವರ ಅಳತೆ ನಕಲು ಮಾಡಬೇಡಿ. ಹೀಗೆ ಕಂಡುಕೊಳ್ಳಿ. 100 ಗ್ರಾಂ ಶುದ್ಧ ಪಟಿಕವನ್ನು ಕರಗಿಸಿ ಒಟ್ಟು 1 ಲೀಟರ್ ದ್ರಾವಣ ಮಾಡಿ. ಇದರ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಪಟಿಕ ಇರುತ್ತದೆ. ಇನ್ನೊಂದು ಬಾಟಲಿಯಲ್ಲಿ 5 ಗ್ರಾಂ ಸುಣ್ಣದ ಪುಡಿಗೆ 1 ಲೀಟರ್ ನೀರು. ಸುಣ್ಣ ಪೂರ್ತಿ ಕರಗುವುದಿಲ್ಲ, ಪ್ರತಿ ಸಲ ಚೆನ್ನಾಗಿ ಕುಲುಕಿ ತೆಗೆಯಬೇಕು. ಸುಣ್ಣ ಪಟಿಕದ ಇಪ್ಪತ್ತನೇ ಒಂದು ಭಾಗ ಇರಲಿ ಅನ್ನುವುದು ಸಾಮಾನ್ಯ ಲೆಕ್ಕ. ಹೀಗೆ ದ್ರಾವಣ ಮಾಡಿಕೊಂಡರೆ ಪಟಿಕ ಎಷ್ಟು ಮಿಲಿಲೀಟರ್ ಹಾಕುತ್ತೀರೋ ಸುಣ್ಣವೂ ಅಷ್ಟೇ ಮಿಲಿಲೀಟರ್.

ಐದು ಪಾತ್ರೆಗಳಲ್ಲಿ ಒಂದೊಂದು ಲೀಟರ್ ನಿಮ್ಮ ನೀರು ಇಡಿ. ಸೂಜಿ ತೆಗೆದ ಸಿರಿಂಜಿನಿಂದ ಸುಣ್ಣ ಮೊದಲು, ಆಮೇಲೆ ಪಟಿಕ, ಕ್ರಮವಾಗಿ 2, 3, 4, 5, 6 ಮಿಲಿಲೀಟರ್ ಹಾಕಿ. ಒಂದು ನಿಮಿಷ ಜೋರಾಗಿ ಕಲಕಿ, ಹತ್ತು ನಿಮಿಷ ಮೆಲ್ಲಗೆ ತಿರುವಿ. ಹತ್ತಿಯ ಎಳೆಯಂಥ ಬಿಳಿ ಗಸಿ ಕಟ್ಟುತ್ತದೆ. ಒಂದು ಗಂಟೆ ಅಲ್ಲಾಡಿಸದೆ ಬಿಟ್ಟು ಮೇಲಿನ ತಿಳಿ ನೀರನ್ನು ಬಾಟಲಿಗೆ ತೆಗೆಯಿರಿ. ಫ್ಲೋರೈಡ್ 1.0ರ ಹತ್ತಿರ ಬಂದ ಎಲ್ಲಕ್ಕಿಂತ ಕಡಿಮೆ ಪ್ರಮಾಣವೇ ನಿಮ್ಮ ಪ್ರಮಾಣ. ಅದಕ್ಕಿಂತ ಜಾಸ್ತಿ ಹಾಕುವುದು ಬೇಡ.

ಈ ಐದು ಬಾಟಲಿಗಳನ್ನು ಬಣ್ಣದ ಕಿಟ್‌ನಲ್ಲಿ ಅಳೆದು ನಂಬಬೇಡಿ. ಪಟಿಕದಿಂದ ಬಂದು ನೀರಿನಲ್ಲಿ ಉಳಿದ ಅಲ್ಯೂಮಿನಿಯಂ, ಫ್ಲೋರೈಡನ್ನು ಬಿಗಿಯಾಗಿ ಹಿಡಿದುಕೊಂಡು ಕಿಟ್‌ಗೆ ಸಿಗದ ಹಾಗೆ ಮಾಡುತ್ತದೆ, ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಲ್ಯಾಬ್‌ನಲ್ಲಿ ಎಲೆಕ್ಟ್ರೋಡ್ ಮತ್ತು ಟಿಸಾಬ್ ಬಳಸಿ ಅಳೆಯಲು ಹೇಳಿ. ಉಳಿದ ಅಲ್ಯೂಮಿನಿಯಂ 0.2 ಮಿಲಿಗ್ರಾಂ ಒಳಗಿದೆಯೇ, ಪಿಎಚ್ 6.5ರಿಂದ 8.5ರ ಒಳಗಿದೆಯೇ ಅಂತಲೂ ಕೇಳಿ. ಪಿಎಚ್ ತೀರಾ ಇಳಿದಿದ್ದರೆ ಸುಣ್ಣ ಸ್ವಲ್ಪ ಹೆಚ್ಚು ಬೇಕು.

ಪ್ರಮಾಣ ಗೊತ್ತಾದ ಮೇಲೆ ದಿನದ ಕೆಲಸ ಸುಲಭ. ತಳದಿಂದ 5 ಸೆಂಟಿಮೀಟರ್ ಮೇಲೆ ನಲ್ಲಿ ಇರುವ 40 ಲೀಟರ್ ಬಕೆಟ್ ತೆಗೆದುಕೊಳ್ಳಿ. ಲೀಟರಿಗೆ 4 ಮಿಲಿಲೀಟರ್ ಅಂತ ಬಂದಿದ್ದರೆ ಎರಡೂ ದ್ರಾವಣ ತಲಾ 160 ಮಿಲಿಲೀಟರ್. ಕಲಕಿ, ತಿರುವಿ, ಒಂದು ಗಂಟೆ ಬಿಟ್ಟು, ನಲ್ಲಿಯಿಂದ ಸ್ವಚ್ಛ ಬಟ್ಟೆಯ ಮೂಲಕ ಬೇರೆ ಪಾತ್ರೆಗೆ ಇಳಿಸಿ. ಕೂಡಲೇ ಇಳಿಸಬೇಕು. ಗಸಿಯ ಮೇಲೆ ನೀರು ರಾತ್ರಿಯೆಲ್ಲ ನಿಂತರೆ ಹಿಡಿದ ಫ್ಲೋರೈಡ್ ಮತ್ತೆ ನೀರಿಗೆ ಬಿಡುತ್ತದೆ.

ಫ್ಲೋರೈಡ್ ತುಂಬಾ ಜಾಸ್ತಿ ಇದ್ದರೆ ಪಟಿಕವೂ ತುಂಬಾ ಬೇಕಾಗಿ ನೀರಿನಲ್ಲಿ ಸಲ್ಫೇಟ್ ಏರುತ್ತದೆ, ರುಚಿ ಕೆಡುತ್ತದೆ. ಅಲ್ಲಿ ಈ ವಿಧಾನ ಬೇಡ.

ಇನ್ನೆರಡು ದಾರಿ

ಮೂಳೆಯ ಇದ್ದಿಲು ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತದೆ. ಕೆನ್ಯಾದ ನಕುರು, ಟಾಂಜಾನಿಯಾದ ಎನ್‌ಗುರ್ಡೊಟೊ ಕಡೆಗಳಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಆದರೆ ಮೂಳೆಯನ್ನು ಗಾಳಿ ಕಡಿಮೆ ಮಾಡಿ ಸರಿಯಾದ ಬಿಸಿಯಲ್ಲಿ ಸುಡಬೇಕು. ಸಾಲದೆ ಸುಟ್ಟರೆ ನೀರಿಗೆ ವಾಸನೆ, ಅತಿ ಸುಟ್ಟರೆ ಹಿಡಿಯುವ ಶಕ್ತಿ ಹೋಗುತ್ತದೆ. ಮನೆಯಲ್ಲಿ ಮಾಡುವಂಥದ್ದಲ್ಲ. ಆವಿ ಮಾಡಿ ಹನಿ ಹಿಡಿಯುವ ಡಿಸ್ಟಿಲೇಷನ್ ಫ್ಲೋರೈಡನ್ನು ಹಿಂದೆ ಬಿಟ್ಟುಬರುತ್ತದೆ. ನೀರು ಕಡಿಮೆ, ಶಕ್ತಿ ಜಾಸ್ತಿ. ಒಂದು ಕೂಸಿಗೆ ಬೇಕಾದಷ್ಟಕ್ಕೆ ಸಾಕು.

ನೀರಿನ ಆಚೆಗೂ ಸ್ವಲ್ಪ ನೋಡಿ

ನೀರು ಸರಿಯಾದ ಮೇಲೂ ಬೇರೆ ದಾರಿಯಿಂದ ಫ್ಲೋರೈಡ್ ಬರಬಹುದು. ಚಹಾ ಎಲೆಯಲ್ಲಿ ಸಾಕಷ್ಟು ಇರುತ್ತದೆ. ದಿನಕ್ಕೆ ಹಲವು ಲೋಟ ಗಟ್ಟಿ ಚಹಾ ಕುಡಿಯುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಿಕ್ಕ ಮಕ್ಕಳು ಪೇಸ್ಟ್ ನುಂಗುತ್ತಾರೆ, 3 ವರ್ಷದೊಳಗಿನವರ ಬ್ರಷ್ ಮೇಲೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟಕ್ಕಿಂತ ಜಾಸ್ತಿ ಬೇಡ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಫ್ಲೋರೈಡಿನ ಪೆಟ್ಟು ಹೆಚ್ಚು ಬೀಳುತ್ತದೆ. ಅದಕ್ಕೇ ಫ್ಲೋರೈಡ್ ಇರುವ ಕಡೆ ಮಕ್ಕಳಿಗೆ ಕ್ಯಾಲ್ಸಿಯಂ ಇರುವ ಆಹಾರ ಸಾಕಷ್ಟು ಸಿಗುವುದು ಮುಖ್ಯ. ಹಾಗಂತ ಅದು ಶುದ್ಧ ನೀರಿಗೆ ಬದಲಿ ಅಲ್ಲ.

ತೆಗೆದ ಫ್ಲೋರೈಡನ್ನು ಎಲ್ಲಿ ಹಾಕುತ್ತೀರಿ

ಪಟಿಕದ ಗಸಿ, ಅಲ್ಯೂಮಿನಾ ತೊಳೆದ ನೀರು, ಸವೆದ ಕಾಳು ಇವೆಲ್ಲದರಲ್ಲಿ ಫ್ಲೋರೈಡ್ ಒತ್ತಾಗಿ ಕೂಡಿರುತ್ತದೆ. ಬಾವಿಯ ಪಕ್ಕದ ಚರಂಡಿಗೆ ಚೆಲ್ಲಿದರೆ ಅದು ಮತ್ತೆ ಅದೇ ಬಾವಿಗೆ ಇಳಿಯುವ ಸಾಧ್ಯತೆ ಇದೆ. ತರಕಾರಿ ಪಾತಿಗೂ ಬೇಡ, ದನ ಮೇಯುವ ಜಾಗಕ್ಕೂ ಬೇಡ. ಗಸಿಯನ್ನು ಬಾವಿಯಿಂದ ದೂರ, ಮಳೆ ನೀರು ಹರಿಯದ ಕಡೆ, ತಳಕ್ಕೆ ಪ್ಲಾಸ್ಟಿಕ್ ಹಾಸಿದ ತಗ್ಗಿನಲ್ಲಿ ಒಣಗಿಸಿ ಕೂಡಿಡಿ. ಇಡೀ ಊರು ಒಂದೇ ಘಟಕ ನಡೆಸುತ್ತಿದ್ದರೆ, ಗಸಿ ಎಲ್ಲಿಗೆ ಹೋಗುತ್ತದೆ ಅಂತ ಘಟಕ ಕಟ್ಟುವ ಮುಂಚೆಯೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಜೊತೆಗೆ ಹೊರಬರುವ ನೀರಿನ ಫ್ಲೋರೈಡನ್ನು ಯಾರು, ಎಷ್ಟು ದಿನಕ್ಕೊಮ್ಮೆ ಅಳೆಯುತ್ತಾರೆ ಅನ್ನುವುದನ್ನೂ ಕೇಳಿ. ಆ ಅಂಕಿಯನ್ನು ದಿನಾಂಕದ ಸಮೇತ ನಲ್ಲಿಯ ಮೇಲೇ, ನೀರು ಹಿಡಿಯುವವರಿಗೆಲ್ಲ ಕಾಣುವ ಹಾಗೆ ಬರೆಸಿ.